ಕೋರ್ಸ್ ಕೇಳಲು ಬಂದವರ ಕೈಯಲ್ಲಿ ರಾಜೀನಾಮೆ ಪತ್ರ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಾಯಿಸಿದ್ದೇನೆ.)

ನಲವತ್ತು ದಾಟಿದ ಮಹಿಳೆ. ಒಂದೇ ಪ್ಯಾಕಿಂಗ್ ಘಟಕದಲ್ಲಿ ಹದಿನಾರು ವರ್ಷ ದುಡಿದಿದ್ದರು. ಹೊಸ ಯಂತ್ರ ಬಂತು, ಅಷ್ಟೊಂದು ಜನ ಬೇಡವಾದರು. "ಮೇಡಂ, ನನಗೆ ಏನೂ ಬರಲ್ಲ. ಕಂಪ್ಯೂಟರ್ ಕಲಿತರೆ ಯಾರಾದರೂ ಕೆಲಸಕ್ಕೆ ತಗೋತಾರಾ?" ಎಂದು ಉದ್ಯೋಗ ಸಲಹೆ ಕೊಡುವ ನನ್ನನ್ನು ಕೇಳಲು ಬಂದಿದ್ದರು.

ಮಾತಿನ ನಡುವೆ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. ಮ್ಯಾನೇಜರ್ ಕೊಟ್ಟದ್ದು. "ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ" ಎಂದು ಟೈಪ್ ಮಾಡಿತ್ತು. ಸಹಿಯ ಜಾಗ ಖಾಲಿ. ಸಹಿ ಹಾಕಿದರೆ ಲೆಕ್ಕ ಬೇಗ ಚುಕ್ತಾ ಆಗುತ್ತೆ ಅಂದಿದ್ದರಂತೆ.

ಕೋರ್ಸ್ ಮಾತು ಆಮೇಲೆ, ಮೊದಲು ಇದನ್ನು ನೋಡೋಣ ಅಂದೆ. ನಿರುದ್ಯೋಗ ಭತ್ಯೆ ಇರುವ ಕಡೆಗಳಲ್ಲಿ ಕೆಲಸ ಯಾಕೆ ಬಿಟ್ಟಿರಿ ಅನ್ನೋದು ದೊಡ್ಡ ಪ್ರಶ್ನೆ. ಜರ್ಮನಿಯಲ್ಲಿ ಸರಿಯಾದ ಕಾರಣವಿಲ್ಲದೆ ತಾವಾಗಿ ಬಿಟ್ಟವರಿಗೆ ಸಾಮಾನ್ಯವಾಗಿ 12 ವಾರ ಭತ್ಯೆ ತಡೆಹಿಡಿಯುತ್ತಾರೆ. ಅಮೆರಿಕದ ರಾಜ್ಯಗಳಲ್ಲೂ ಹೀಗೆ ಬಿಟ್ಟವರಿಗೆ ಭತ್ಯೆ ಸಿಗುವುದು ಕಷ್ಟ. ಕಂಪನಿ ತೆಗೆದುಹಾಕಿದ್ದನ್ನು ನಾವೇ ಬಿಟ್ಟೆವು ಅಂತ ಬರೆದುಕೊಟ್ಟರೆ, ಕೈಯಾರೆ ಹಕ್ಕು ಕಳೆದುಕೊಂಡ ಹಾಗೆ ಅಲ್ವಾ? "ಸಹಿ ಹಾಕಬೇಡಿ. ಹುದ್ದೆ ರದ್ದಾಗಿದ್ದರೆ ಹಾಗಂತಲೇ ಬರೆದುಕೊಡಿ ಅಂತ ಕೇಳಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳ ಪ್ರತಿ ತೆಗೆದಿಡಿ. ಈ ಹಾಳೆಯನ್ನು ಕಾರ್ಮಿಕ ಇಲಾಖೆಯವರಿಗೆ ತೋರಿಸಿ" ಅಂದೆ. ತೋರಿಸಿದರು. ಸ್ವಲ್ಪ ಎಳೆದಾಡಿದ ಮೇಲೆ ಕಂಪನಿ ನಿಜವಾದ ಕಾರಣವನ್ನೇ ಬರೆದುಕೊಟ್ಟಿತು.

ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಲು ಮಾತ್ರ ಅವರು ಒಪ್ಪಲೇ ಇಲ್ಲ. ಸಾಲಲ್ಲಿ ನಿಂತರೆ ಗೊತ್ತಿರೋರು ನೋಡ್ತಾರೆ ಅನ್ನೋ ಸಂಕೋಚ. ಇದು ತುಂಬಾ ಜನರಿಗಿದೆ, ಮತ್ತು ದುಬಾರಿ ಬೀಳುತ್ತೆ. ಜರ್ಮನಿಯಲ್ಲಂತೂ ಕೆಲಸ ಮುಗಿಯುವ 3 ತಿಂಗಳ ಮೊದಲೇ ಉದ್ಯೋಗ ಕಚೇರಿಗೆ ತಿಳಿಸಬೇಕು, ತಡವಾಗಿ ಗೊತ್ತಾದರೆ 3 ದಿನದೊಳಗೆ. ನೀವಿರುವ ಕಡೆ ಗಡುವು ಎಷ್ಟು ಅನ್ನೋದನ್ನು ಮೊದಲ ದಿನವೇ ಕೇಳಿಕೊಳ್ಳಿ ಅಂದೆ.

ಆ ಸಂಕೋಚಕ್ಕೇ ಅವರು ಒಬ್ಬ ಏಜೆಂಟನನ್ನು ಹಿಡಿದಿದ್ದರು. ಗ್ಯಾರಂಟಿ ಕೆಲಸ, ಮುಂಗಡ ಕೊಡಿ ಅಂದಿದ್ದನಂತೆ. ಸಾಲ ಮಾಡಿ ಕೊಡೋಕೂ ತಯಾರಿದ್ದರು! ಸರ್ಕಾರಿ ಉದ್ಯೋಗ ಸೇವೆ ಉಚಿತವಾಗಿರಬೇಕು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1948ರ 88ನೇ ಒಪ್ಪಂದ ಹೇಳುತ್ತದೆ. ಖಾಸಗಿ ಏಜೆನ್ಸಿಗಳು ಕೂಡ ಕೆಲಸಗಾರರಿಂದ ಶುಲ್ಕ ತಗೋಬಾರದು ಅನ್ನೋದು 1997ರ 181ನೇ ಒಪ್ಪಂದದ ನಿಯಮ. ಅಪವಾದಗಳಿಗೆ ಅವಕಾಶ ಇದೆ, ಎಲ್ಲ ದೇಶಗಳೂ ಇದಕ್ಕೆ ಸಹಿ ಹಾಕಿಲ್ಲ. ಆದರೂ ಕೆಲಸ ಸಿಗುವ ಮೊದಲೇ ದುಡ್ಡು ಕೇಳಿದವರ ಹತ್ತಿರ ಮಾತು ಮುಂದುವರಿಸಬೇಡಿ ಅಂತ ಖಡಾಖಂಡಿತವಾಗಿ ಹೇಳಿದೆ.

ಇನ್ನು "ಏನೂ ಬರಲ್ಲ" ಅನ್ನೋ ಮಾತು. ಕೊನೆಯ ಸಲ ಡ್ಯೂಟಿಗೆ ಹೋದಾಗ ಏನೇನು ಮಾಡಿದಿರಿ, ಬೆಳಗ್ಗೆಯಿಂದ ಹೇಳಿ ಅಂದೆ. ಬಾಕ್ಸ್ ಎಣಿಸಿದ್ದು, ಬ್ಯಾಚ್ ನಂಬರನ್ನು ರಿಜಿಸ್ಟರ್ ಜೊತೆ ತಾಳೆ ನೋಡಿದ್ದು. ತಾರೀಖು ತಪ್ಪಾಗಿ ಅಚ್ಚಾಗಿದ್ದ ಒಂದು ಲಾಟ್ ಹೊರಗೆ ಹೋಗದಂತೆ ನಿಲ್ಲಿಸಿದ್ದು. ಹೊಸ ಹುಡುಗಿಯರಿಗೆ ಕೆಲಸ ಕಲಿಸಿದ್ದು. ಹೇಳಿದ್ದನ್ನೆಲ್ಲ ಬರೆದು ಅವರ ಮುಂದಿಟ್ಟೆ. ಸುಮ್ನೆ ಓದುತ್ತಾ ಕೂತರು. ಇದು ದಾಸ್ತಾನು ನಿರ್ವಹಣೆ, ಗುಣಮಟ್ಟ ತಪಾಸಣೆ, ತರಬೇತಿ. ಇಂಥ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಮೊದಲಿಂದ ಕ್ಲಾಸಿಗೆ ಕೂರಬೇಕಿಲ್ಲ.

ಕೋರ್ಸ್ ಬೇಡ ಅನ್ನಲಿಲ್ಲ. ಉಚಿತ ಅಂತ ಸಿಕ್ಕಿದ್ದಕ್ಕೆ ಸೇರಬೇಡಿ ಅಂದೆ. ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಕಲಿಯುವಾಗ ಭತ್ಯೆ ಉಂಟಾ, ಕಂಪನಿಯೊಳಗೆ ಅಭ್ಯಾಸ ಕೊಡಿಸ್ತಾರಾ ಅಂತ ಕೇಳಬೇಕು. 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ಒಂದು ವಿಶ್ಲೇಷಣೆಯ ಪ್ರಕಾರ, ಕೆಲಸ ಹುಡುಕುವವರಿಗೆ ತರಬೇತಿ ಮುಂತಾದ ನೆರವು ಕೊಡುವ ಯೋಜನೆಗಳ ಲಾಭ ಶುರುವಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಎರಡು ಮೂರು ವರ್ಷದಲ್ಲಿ ಹೆಚ್ಚುತ್ತದೆ. ಅಲ್ಲೀತನಕ ಮನೆ ಖರ್ಚು ಹೇಗೆ ಅನ್ನೋದನ್ನು ಗಂಡನ ಜೊತೆ ಕೂತು ಲೆಕ್ಕ ಹಾಕಿ ಅಂದೆ.

ದಾಸ್ತಾನು ಸಾಫ್ಟ್‌ವೇರ್ ಕಲಿಸುವ ಚಿಕ್ಕ ಕೋರ್ಸ್ ಆರಿಸಿಕೊಂಡರು. ಕೆಲಸ ಇನ್ನೂ ಸಿಕ್ಕಿಲ್ಲ. ಒಂದೆರಡು ಕಡೆ ಇಂಟರ್‌ವ್ಯೂ ಆಗಿದೆ. ಅಲ್ಲಿ ಕೇಳಿದ ಪ್ರಶ್ನೆಗಳನ್ನು ಮುಂದಿನ ಸಲ ಬರೆದು ತನ್ನಿ ಅಂದಿದ್ದೇನೆ.