ಬೆಳಿಗ್ಗೆ ಬಂದು ಹತ್ತು ನಿಮಿಷಕ್ಕೆ ಹೋಗುವ ಗ್ಯಾಸ್ ವಾಸನೆಗೆ ಹೆದರಬೇಕಾ?

ನಿಮ್ಮ ಮನೆಗೆ ಪೈಪಿನಲ್ಲಿ ಗ್ಯಾಸ್ ಬರುತ್ತದೆ. ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಸಣ್ಣಗೆ ವಾಸನೆ ಬಂದು, ಹತ್ತು ನಿಮಿಷದಲ್ಲಿ ಹೋಗಿಬಿಡುತ್ತದೆ. ಇಷ್ಟಕ್ಕೆಲ್ಲ ಮನೆ ಸ್ಫೋಟ ಆಗುತ್ತದಾ, ಸುಮ್ನೆ ಹೆದರುತ್ತಿದ್ದೇನಾ ಅಂತ ಕೇಳಿದ್ದೀರಿ. ಸುಮ್ನೆ ಹೆದರುತ್ತಿಲ್ಲ. ಇವತ್ತೇ, ಮನೆಯಿಂದ ಹೊರಗೆ ಹೋಗಿ, ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ವಾಸನೆ ಹೋಯಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಜೊತೆಗೆ ನೀವು ಬಾಗಿಲು ತೆಗೆದಿರುತ್ತೀರಿ, ಓಡಾಡಿರುತ್ತೀರಿ, ಗಾಳಿ ಬೆರೆತಿರುತ್ತದೆ. ರಾತ್ರಿಯಿಡೀ ಮುಚ್ಚಿದ ಅಡುಗೆಮನೆಯಲ್ಲಿ ಬೆಳಿಗ್ಗೆ ಮಾತ್ರ ವಾಸನೆ ಬರುತ್ತದೆ ಅಂದರೆ, ದಿನವಿಡೀ ಸಣ್ಣಗೆ ಸೋರುತ್ತಿದ್ದು ರಾತ್ರಿ ಒಟ್ಟಾಗುತ್ತಿರಬಹುದು. ಮನೆಯವರಿಗಿಂತ ಹೊರಗಿಂದ ಬಂದವರಿಗೆ ವಾಸನೆ ಬೇಗ ಗೊತ್ತಾಗುವುದೂ ಮೂಗು ಹೀಗೆ ಒಗ್ಗಿಹೋಗುವುದರಿಂದಲೇ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಾಲ್ಕು ದಿನ ನಾನೂ "ಏನೋ ಇರಬೇಕು" ಅಂತ ಬಿಟ್ಟಿದ್ದೆ. ಐದನೇ ರಾತ್ರಿ ನೀರು ಕುಡಿಯಲು ಎದ್ದಾಗ ವಾಸನೆ ಜೋರಾಗಿಯೇ ಇತ್ತು. ಕತ್ತಲು. ಕೈ ತಾನಾಗಿ ಲೈಟಿನ ಸ್ವಿಚ್ಚಿಗೆ ಹೋಗಿತ್ತು. ಮುಟ್ಟುವ ಮೊದಲು ನೆನಪಾಯಿತು. ಮಕ್ಕಳನ್ನು ಕತ್ತಲಲ್ಲೇ ಎಬ್ಬಿಸಿ, ಬಾಗಿಲು ತೆರೆದೇ ಬಿಟ್ಟು, ಹೊರಗೆ ದೂರ ಹೋಗಿ ಫೋನ್ ಮಾಡಿದೆ. ಸ್ಟವ್ ಹಿಂದಿನ ಪೈಪು ಗೋಡೆಯ ಹತ್ತಿರ ಬಾಗಿದ ಜಾಗದಲ್ಲಿ ಬಿರುಕು ಬಿಟ್ಟಿತ್ತು. ಆ ನಾಲ್ಕು ದಿನ ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಸ್ವಿಚ್ಚಿಗೆ ಯಾಕಿಷ್ಟು ಹೆದರಬೇಕು? ಪೈಪಿನ ಗ್ಯಾಸಿನಲ್ಲಿ ಬಹುಪಾಲು ಮೀಥೇನ್. ಗಾಳಿಯಲ್ಲಿ ಅದು ಸುಮಾರು 5 ರಿಂದ 15 ಶೇಕಡಾ ಬೆರೆತಾಗ ಹೊತ್ತಿಕೊಳ್ಳುತ್ತದೆ. ಹೊತ್ತಿಸಲು ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಸಾಕು. ಸ್ವಿಚ್ ಹಾಕುವಾಗಲೂ ಕಿಡಿ ಬರುತ್ತದೆ, ಆರಿಸುವಾಗಲೂ ಬರುತ್ತದೆ. ಅದಕ್ಕೇ ಉರಿಯುತ್ತಿರುವ ಲೈಟನ್ನು ಆರಿಸಬಾರದು, ಫ್ಯಾನ್ ಹಾಕಿ ವಾಸನೆ ಓಡಿಸಲು ಹೋಗಬಾರದು, ಕಾಲಿಂಗ್ ಬೆಲ್ ಒತ್ತಬಾರದು, ಮನೆಯೊಳಗಿಂದ ಫೋನ್ ಮಾಡಬಾರದು. ನೀವು ಏನೂ ಮುಟ್ಟದಿದ್ದರೂ ಫ್ರಿಜ್ ತಾನಾಗಿ ಆನ್ ಆಗುತ್ತದೆ ಅಲ್ವಾ? ವಾಸನೆ ಜೋರಾಗಿದ್ದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕುತ್ತ ಒಳಗೆ ನಿಲ್ಲಬೇಡಿ ಅನ್ನುವುದು ಇದಕ್ಕೇ.

5 ಶೇಕಡಾ ಅಂದರೆ ತುಂಬಾ ಗ್ಯಾಸ್ ಬೇಕಲ್ಲ ಅನಿಸಬಹುದು. ಇಡೀ ಕೋಣೆ ತುಂಬಬೇಕಾಗಿಲ್ಲ. ಮೀಥೇನ್ ಗಾಳಿಗಿಂತ ಹಗುರ. ಮೇಲೇರಿ ಚಾವಣಿಯ ಕೆಳಗೆ ಪದರವಾಗಿ ನಿಲ್ಲಬಲ್ಲದು. ಆ ಪದರ ಒಂದೇ 5 ಶೇಕಡಾ ಮುಟ್ಟಿದರೂ ಅಪಾಯವೇ. ಇನ್ನು 15 ದಾಟಿದರೆ ಹೊತ್ತುವುದಿಲ್ಲ ಅಂತ ಧೈರ್ಯ ಪಡುವ ಹಾಗೂ ಇಲ್ಲ. ಬಾಗಿಲು ತೆಗೆದು ಗಾಳಿ ಬೆರೆತಂತೆ ಮತ್ತೆ ಹೊತ್ತುವ ಮಟ್ಟಕ್ಕೇ ಬರುತ್ತದೆ. ಮುಚ್ಚಿದ ಜಾಗದಲ್ಲಿ ಸರಿಯಾಗಿ ಬೆರೆತ ಗ್ಯಾಸ್ ಹೊತ್ತಿದರೆ ಒತ್ತಡ ಏಳೆಂಟು ಪಟ್ಟು ಏರಬಲ್ಲದು. ಮನೆಯ ಗೋಡೆಗಳನ್ನು ಅಷ್ಟು ತಡೆಯುವಂತೆ ಯಾರೂ ಕಟ್ಟಿರುವುದಿಲ್ಲ.

ನಿಮಗೆ ಬರುತ್ತಿರುವ ಆ ಕೊಳೆತ ವಾಸನೆ ಮೀಥೇನಿನದ್ದಲ್ಲ. ಮೀಥೇನಿಗೆ ವಾಸನೆಯೇ ಇಲ್ಲ. ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಊರಿನ ಶಾಲೆಯಲ್ಲಿ 1937 ರ ಮಾರ್ಚ್ 18 ರಂದು ಕಟ್ಟಡದ ನೆಲದ ಕೆಳಗೆ ಗ್ಯಾಸ್ ತುಂಬಿಕೊಂಡಿತ್ತು. ಯಾರಿಗೂ ವಾಸನೆ ಬರಲಿಲ್ಲ. ವಿದ್ಯುತ್ ಯಂತ್ರವೊಂದರ ಕಿಡಿಯಿಂದ ಹೊತ್ತಿಕೊಂಡಿತು ಅನ್ನುತ್ತಾರೆ. ಸುಮಾರು 300 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ಮರ್ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಬೇಕೆಂಬ ನಿಯಮ ಅಲ್ಲಿ ಬಂದದ್ದು ಆಮೇಲೆ. ಆ ಮಕ್ಕಳಿಗೆ ಸಿಗದ ಎಚ್ಚರಿಕೆ ನಿಮಗೆ ದಿನಾ ಬೆಳಿಗ್ಗೆ ಸಿಗುತ್ತಿದೆ. ದಯವಿಟ್ಟು ಅದನ್ನು ಕೇಳಿಸಿಕೊಳ್ಳಿ.

ಬೆಂಕಿಕಡ್ಡಿ ಗೀಚಿ ಸೋರಿಕೆ ಹುಡುಕುವುದಂತೂ ಬೇಡವೇ ಬೇಡ. ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದು ಒಳ್ಳೆಯ ಉಪಾಯವೇ, ಆದರೆ ಅದು ರಿಪೇರಿ ಆದಮೇಲೆ ಜೋಡಣೆ ಬಿಗಿಯಾಗಿದೆಯಾ ಅಂತ ನೋಡಲು. ವಾಸನೆ ಬರುತ್ತಿರುವಾಗ ಮಾಡುವ ಕೆಲಸವಲ್ಲ.

ಗ್ಯಾಸ್ ಡಿಟೆಕ್ಟರ್ ಹಾಕಿಸಿಕೊಳ್ಳಿ. ಪೈಪಿನ ಗ್ಯಾಸಿಗಾದರೆ ಚಾವಣಿಯ ಹತ್ತಿರ ಇರಬೇಕು. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಅದಕ್ಕೆ ನೆಲದ ಹತ್ತಿರ. ಇದನ್ನು ತಿರುಗಮುರುಗ ಹಾಕಿದವರನ್ನು ನೋಡಿದ್ದೇನೆ. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲದ ಅಲಾರಂ ಬೇರೆಯೇ ವಸ್ತು, ಅದು ಗ್ಯಾಸ್ ಸೋರಿಕೆ ಹಿಡಿಯುವುದಿಲ್ಲ.

ಸದ್ಯಕ್ಕೆ, ಹೊರಗೆ ಹೋಗುವ ದಾರಿಯಲ್ಲಿ ಕೈಗೆ ಸಿಗುವ ಹಾಗಿದ್ದರೆ ಮಾತ್ರ ಮುಖ್ಯ ವಾಲ್ವ್ ಮುಚ್ಚಿ. ಸಾಮಾನ್ಯವಾಗಿ ಹಿಡಿಕೆ ಪೈಪಿಗೆ ಅಡ್ಡ ನಿಂತರೆ ಮುಚ್ಚಿದೆ ಅಂತ ಅರ್ಥ. ಆಮೇಲೆ ಅದನ್ನು ನೀವೇ ತೆರೆಯಬೇಡಿ, ಬಂದವರು ಪರೀಕ್ಷೆ ಮಾಡಿ ತೆರೆಯಲಿ. ಫೋನಿನಲ್ಲಿ "ಸಣ್ಣ ವಾಸನೆ" ಅಂತ ಸಂಕೋಚ ಪಡದೆ, ಎಷ್ಟು ದಿನದಿಂದ, ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ ಬರುತ್ತದೆ ಅಂತ ಬಿಡಿಸಿ ಹೇಳಿ. ಅವರು ಬಂದು ನೋಡುವವರೆಗೆ ಸ್ಟವ್ ಹಚ್ಚಬೇಡಿ.