‘ನಿನ್ನಿಷ್ಟ ಕಣೇ’ ಅಂದರೆ ಊರು ಸುತ್ತಿದ ಹಾಗೇ!

ಪ್ರಶ್ನೆ: ಅಕ್ಕಾ, ಗೆಳತಿಯೂ ನಾನೂ ಪರೀಕ್ಷೆ ಬರೆಯಲು ಬೇರೆ ಊರಿಗೆ ಹೋಗಿದ್ದೆವು. ಅಲ್ಲಿ ಹೋದಮೇಲೆ ಪರೀಕ್ಷೆ ಮುಂದೂಡಿದ್ದಾರೆ ಅಂತ ಗೊತ್ತಾಯಿತು. ವಾಪಸ್ ರೈಲು ಇದ್ದದ್ದು ರಾತ್ರಿಗೆ. ಸರಿ, ಊರಾದರೂ ನೋಡೋಣ ಅಂತ ಹೊರಟೆವು. ‘ಎಲ್ಲಿಗೆ?’ ಅಂದರೆ ಅವಳು ‘ನಿನ್ನಿಷ್ಟ ಕಣೇ’ ಅಂತಾಳೆ, ಅವಳು ಕೇಳಿದರೆ ನಾನೂ ಹಾಗೇ ಅಂದೆ. ಕೊನೆಗೆ ಉರಿಬಿಸಿಲಲ್ಲಿ ಬಸ್ಸು ಹತ್ತಿ ಊರಾಚೆಯ ಒಂದು ಪಾರ್ಕಿಗೆ ಹೋಗಿ, ಇಬ್ಬರೂ ಮುಖ ಊದಿಸಿಕೊಂಡು ಕೂತು ಬಂದೆವು. ಈಗ ಮತ್ತೆ ಅದೇ ಊರಿಗೆ ಹೋಗುವುದಿದೆ. ಈ ಸಲ ಪಟ್ಟಿ ಮಾಡಿಕೊಂಡೇ ಹೋಗಬೇಕೇ?

ಉತ್ತರ: ಪಟ್ಟಿ ಬೇಡ ತಂಗೀ. ಇಬ್ಬರೂ ಅತಿ ಒಳ್ಳೆಯವರಾಗಲು ಹೋಗಿ ದಿನ ಹಾಳುಮಾಡಿಕೊಂಡಿದ್ದೀರಿ. ಆ ಪಾರ್ಕು ಅವಳಿಗೆ ಬೇಕಿತ್ತಾ ಅಂತ ಈಗ ಕೇಳಿ ನೋಡು. ‘ನಿನಗೆ ಆಸೆ ಅಂದುಕೊಂಡು ಬಂದೆ’ ಅಂತಾಳೆ, ಬರೆದಿಟ್ಟುಕೋ.

ಜೆರ್ರಿ ಹಾರ್ವಿ ಅಂತ ಅಮೆರಿಕದ ಒಬ್ಬ ಮ್ಯಾನೇಜ್‌ಮೆಂಟ್ ಪ್ರೊಫೆಸರ್ 1974ರಲ್ಲಿ ತಮ್ಮ ಮನೆಯ ಕಥೆಯನ್ನೇ ಬರೆದರು. ಟೆಕ್ಸಸ್‌ನ ಕೋಲ್ಮನ್ ಅನ್ನುವ ಊರು, ಬೆಂಕಿಯಂಥ ಬಿಸಿಲು, ಮನೆಮಂದಿ ಡಾಮಿನೋ ಆಡಿಕೊಂಡು ಹಾಯಾಗಿದ್ದರು. ಮಾವ ‘ಅಬಿಲೀನ್‌ಗೆ ಹೋಗಿ ಊಟ ಮಾಡಿ ಬರೋಣವೇ?’ ಅಂದರು. ಮಗಳು ಹೂಂ ಅಂದಳು, ಅಳಿಯನೂ ಹೂಂ, ಅತ್ತೆಯೂ ಹೂಂ. ಏಸಿ ಇಲ್ಲದ ಕಾರಿನಲ್ಲಿ 53 ಮೈಲಿ ಹೋಗಿ, ಬಾಯಿಗೆ ರುಚಿಸದ್ದನ್ನು ತಿಂದು, ಅಷ್ಟೇ ದೂರ ಧೂಳು ಕುಡಿದು ವಾಪಸ್ ಬಂದಮೇಲೆ ಬಾಯಿಬಿಟ್ಟರು: ನಾಲ್ವರಲ್ಲಿ ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ! ಮಾವ ಕೂಡ, ಉಳಿದವರಿಗೆ ಬೇಜಾರಾಗಿರಬಹುದು ಅಂತ ಕೇಳಿದ್ದಂತೆ. ನಿಮ್ಮ ಪಾರ್ಕೂ ಅಬಿಲೀನೇ.

ನಾನೂ ನನ್ನ ಗೆಳತಿಯೂ ಸರದಿ ಹಾಕಿಕೊಳ್ಳುತ್ತೇವೆ. ಒಂದು ಗಂಟೆ ಅವಳ ಯಜಮಾನಿಕೆ, ಮುಂದಿನ ಗಂಟೆ ನನ್ನದು. ಸರದಿ ಯಾರದೋ ಅವರು ಹೇಳಿದ ಕಡೆ ತಿರುಗಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಹಸಿವು, ಕಾಲುನೋವು, ಬಾತ್‌ರೂಮು, ಈ ಮೂರು ಬಂದರೆ ಮಾತ್ರ ಸರದಿ ರದ್ದು. ಒಮ್ಮೆ ಅವಳ ಗಂಟೆಯಲ್ಲಿ ಗೊತ್ತುಗುರಿಯಿಲ್ಲದ ಒಂದು ಗಲ್ಲಿಗೆ ನುಗ್ಗಿದೆವು. ಗೋಡೆಯ ಮೇಲೆ ಬೋರ್ಡು ಬರೆಯುವ ಪೇಂಟರ್ ಒಬ್ಬರು ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ಇನ್ನೊಂದು ತುದಿ ಹಿಡಿಯುವ ಹುಡುಗ ಬಂದಿಲ್ಲ ಅಂತ ಗೊಣಗುತ್ತಿದ್ದರು. ಇವಳು ಸೀದಾ ಹೋಗಿ ಹಿಡಿದಳು. ದಾರ ಬಿಗಿಯಾಗಿ ಎಳೆದು, ನಡುವೆ ಎರಡು ಬೆರಳಲ್ಲಿ ಮೀಟಿ ಬಿಟ್ಟರು ನೋಡು, ಟಪ್ ಅಂತ ಗೋಡೆಯುದ್ದಕ್ಕೂ ನೇರ ಬಿಳಿ ಗೆರೆ! ಅಕ್ಷರಗಳ ತಲೆಗೊಂದು, ಬುಡಕ್ಕೊಂದು. ಮೊದಲ ಅಕ್ಷರಕ್ಕೆ ಬಣ್ಣ ತುಂಬುವವರೆಗೂ ನಾವು ಅಲ್ಲಾಡಲಿಲ್ಲ. ನನ್ನ ಗಂಟೆಯೂ ಅಲ್ಲೇ ಖರ್ಚಾಯಿತು. ಅವಳು ಇನ್ನೂ ಅದನ್ನು ವಾಪಸ್ ಕೊಟ್ಟಿಲ್ಲ.

ಹೀಗೆ ಸುಮ್ಮನೆ ಅಲೆಯುವುದನ್ನೂ 1950ರ ದಶಕದ ಪ್ಯಾರಿಸ್‌ನಲ್ಲಿ ಗೀ ದೆಬೋರ್ ಅನ್ನುವ ಬರಹಗಾರ ಮತ್ತವರ ಸಂಗಡಿಗರು ಶಾಸ್ತ್ರ ಮಾಡಿಟ್ಟಿದ್ದರು. ಇಬ್ಬರೋ ಮೂವರೋ ಇದ್ದರೆ ಚೆನ್ನ, ಸಾಮಾನ್ಯವಾಗಿ ಒಂದು ದಿನದ ಅವಧಿ ಅನ್ನುವುದು ಅವರ ಲೆಕ್ಕ. ಅವರ ಸ್ನೇಹಿತನೊಬ್ಬ ಲಂಡನ್ನಿನ ಮ್ಯಾಪ್ ಹಿಡಿದುಕೊಂಡು ಜರ್ಮನಿಯ ಹಾರ್ಟ್ಸ್ ಸೀಮೆ ಸುತ್ತಿದ್ದನಂತೆ. ನೀವು ಅಷ್ಟು ಮುಂದೆ ಹೋಗಬೇಡಿ, ರಾತ್ರಿ ರೈಲು ಹಿಡಿಯಬೇಕಲ್ಲ.

ಪ್ರಶ್ನೆ: ದಾರಿ ತಪ್ಪಿದರೆ ಏನು ಗತಿ? ನನಗೆ ದಿಕ್ಕೇ ತಿಳಿಯುವುದಿಲ್ಲ. ಸಂಜೆಗೆ ಮೊಬೈಲೂ ಸತ್ತಿರುತ್ತೆ.

ಉತ್ತರ: ದಿಕ್ಕು ನಿನಗೊಬ್ಬಳಿಗೇ ತಪ್ಪುವುದಲ್ಲ. ಜನರನ್ನು ಸಹಾರಾದಲ್ಲೂ ಜರ್ಮನಿಯ ಕಾಡಿನಲ್ಲೂ ನಡೆಸಿ ನೋಡಿದ ವಿಜ್ಞಾನಿಗಳು 2009ರಲ್ಲಿ ಹೇಳಿದ್ದು ಇದು: ಸೂರ್ಯಚಂದ್ರರು ಕಾಣದಿದ್ದಾಗ, ನೇರ ಹೋಗುತ್ತಿದ್ದೇವೆ ಅಂದುಕೊಂಡೇ ಜನ ಸುತ್ತು ಹೊಡೆಯುತ್ತಾರೆ. ಊರಿನಲ್ಲಾದರೆ ಎತ್ತರದ ಗೋಪುರವೋ ನೀರಿನ ಟ್ಯಾಂಕೋ ಇರುತ್ತೆ. ಸ್ಟೇಷನ್ನಿನಿಂದ ಹೊರಬಂದ ತಕ್ಷಣ ಒಮ್ಮೆ ಹಿಂದಿರುಗಿ ನೋಡು; ಊರು ಹಳಿಯ ಯಾವ ಮಗ್ಗುಲಿಗಿದೆ, ಹತ್ತಿರ ಎತ್ತರದ್ದೇನಿದೆ, ಎರಡೇ ಸಾಕು. ಇಬ್ಬರ ಫೋನಿನಲ್ಲಿ ಒಂದನ್ನು ಸಂಜೆಯವರೆಗೆ ಸ್ವಿಚ್ ಆಫ್ ಮಾಡಿಡಿ. ರೈಲಿನ ಹೊತ್ತು ಮಾತ್ರ ಕಾಗದದ ಮೇಲೆ ಬರೆದು ಜೇಬಿನಲ್ಲಿರಲಿ. ಅದೊಂದು ಪಕ್ಕಾ ಇದ್ದರೆ ಮಿಕ್ಕಿದ್ದನ್ನು ಸಡಿಲ ಬಿಡಬಹುದು.

ಪ್ರಶ್ನೆ: ಅವಳಿಗೆ ಫೋಟೊ ಹುಚ್ಚು. ಹೆಜ್ಜೆಗೊಂದು ತೆಗೆಯುತ್ತಾಳೆ, ನಾನು ಕಾಯುತ್ತಾ ನಿಂತಿರಬೇಕು!

ಉತ್ತರ: ಲಿಂಡಾ ಹೆಂಕೆಲ್ ಎಂಬ ಮನೋವಿಜ್ಞಾನಿ ಮ್ಯೂಸಿಯಂ ಒಂದರಲ್ಲಿ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಬರೀ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದವು ಕಮ್ಮಿ ನೆನಪಿದ್ದವು. ಆದರೆ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಿದ್ದರೆ ಆ ನಷ್ಟ ಆಗಲಿಲ್ಲ. ಆದ್ದರಿಂದ ಇಡೀ ಕಟ್ಟಡ ಬಿಟ್ಟು ಬಾಗಿಲ ಚಿಲಕದ ಫೋಟೊ ತೆಗೆ ಅನ್ನು. ಅವಳ ಸರದಿಯಲ್ಲಿ ಎಷ್ಟಾದರೂ ತೆಗೆಯಲಿ, ನಿನ್ನ ಸರದಿಯಲ್ಲಿ ಅವಳ ಫೋನು ನಿನ್ನ ಚೀಲಕ್ಕೆ. ಅಂದಹಾಗೆ, ಮ್ಯೂಸಿಯಂ ಮನಸ್ಸಿನಲ್ಲಿದ್ದರೆ ಪರೀಕ್ಷೆ ಯಾವ ವಾರ ಬಿದ್ದಿದೆ ನೋಡಿಕೋ. ಬಹಳ ಕಡೆ ಸೋಮವಾರ ಬಾಗಿಲು ಹಾಕಿರುತ್ತಾರೆ.