ಎಐ ಮಾಡೆಲ್ ಲೆಕ್ಕ ಮಾಡುತ್ತದೋ, ಉರು ಹೊಡೆದದ್ದನ್ನು ಒಪ್ಪಿಸುತ್ತದೋ: ಪರೀಕ್ಷಿಸುವುದು ಹೇಗೆ?

ಜಿಎಸ್‌ಎಂ8ಕೆ ಎಂಬ ಲೆಕ್ಕದ ಪರೀಕ್ಷೆಯಲ್ಲಿ ಒಳ್ಳೆಯ ಸ್ಕೋರ್ ಬಂದಿದೆ, ಈ ಮಾಡೆಲ್‌ಗೆ ತರ್ಕ ಗೊತ್ತು ಅಂತ ಪ್ರಾಜೆಕ್ಟ್ ವರದಿಯಲ್ಲಿ ಬರೆಯಬಹುದಾ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಬರೆಯಬೇಡಿ. ಜಿಎಸ್‌ಎಂ8ಕೆ ಅಂದರೆ 2021ರಲ್ಲಿ ಓಪನ್‌ಎಐ ಕಂಪನಿ ಹೊರತಂದ ಸುಮಾರು 8,500 ಶಾಲಾ ಲೆಕ್ಕಗಳ ಕಟ್ಟು. ಉತ್ತರ ಸಮೇತ ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ಮಾಡೆಲ್ ಓದಿ ಕಲಿತ ತರಬೇತಿ ಪಠ್ಯದೊಳಗೆ ಅದು ಸೇರಿಹೋಗಿದ್ದರೆ ಸ್ಕೋರ್ ನೋಡಿ ಏನೂ ಹೇಳಲಾಗದು.

ನಾನು ಕೋಲಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮಾಡೆಲ್‌ಗೆ ನಮ್ಮ ಟೊಮೆಟೊ ಮಂಡಿಯ ಲೆಕ್ಕವನ್ನೇ ಕೊಡುತ್ತೇನೆ: ರೈತರೊಬ್ಬರು ಸೋಮವಾರ 40 ಬಾಕ್ಸ್, ಮಂಗಳವಾರ 55, ಬುಧವಾರ ಸೋಮವಾರದ ಎರಡರಷ್ಟು ತಂದರು. ಬಾಕ್ಸಿಗೆ 15 ಕೆಜಿ. ಒಟ್ಟು ಎಷ್ಟು ಕೆಜಿ? 175 ಬಾಕ್ಸ್, 2,625 ಕೆಜಿ. ಆಮೇಲೆ ಒಂದು ಸಾಲು ಸೇರಿಸುತ್ತೇನೆ: ‘ಬುಧವಾರದ 5 ಬಾಕ್ಸುಗಳಲ್ಲಿ ಹಣ್ಣು ಸ್ವಲ್ಪ ಸಣ್ಣದಿತ್ತು.’ ತೂಕ ಬದಲಾಗಲಿಲ್ಲ. ಆದರೂ 5 ಕಳೆದು 2,550 ಅಂದರೆ, ಅದು ಪ್ರಶ್ನೆಯನ್ನು ಓದಿಲ್ಲ, ಅಂಕಿ ಕಂಡ ಕಡೆ ಏನಾದರೊಂದು ಮಾಡಿದೆ ಅಂತಲೇ ಅರ್ಥ. 2024ರಲ್ಲಿ ಆಪಲ್ ಸಂಶೋಧಕರು ಇದೇ ಥರ ಬೇಡದ ವಾಕ್ಯ ತುರುಕಿ ನೋಡಿದಾಗ ಹಲವು ಮಾಡೆಲ್‌ಗಳ ಸ್ಕೋರ್ ಧೊಪ್ಪನೆ ಬಿದ್ದಿತ್ತು. ಈಗಿನವು ಇಂಥದ್ದನ್ನು ಹೆಚ್ಚಾಗಿ ದಾಟುತ್ತವೆ. ಅವಕ್ಕೆ ‘ಬಾಕ್ಸಿಗೆ 15 ಕೆಜಿ’ ಎನ್ನುವುದನ್ನೇ ತೆಗೆದು ಕೊಡಿ. ‘ಮಾಹಿತಿ ಸಾಲದು’ ಅನ್ನುತ್ತದೋ, ತಾನೇ ಒಂದು ತೂಕ ಹುಟ್ಟಿಸಿಕೊಳ್ಳುತ್ತದೋ ನೋಡಿ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಈ ಪರೀಕ್ಷೆಯ ಮೇಲೆ.

ಉತ್ತರಕ್ಕೆ ಮಾತ್ರ ಅಂಕ ಕೊಡಬೇಡಿ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದಲ್ಲಿ ಹಂತಕ್ಕೂ ಅಂಕ ಇರುವುದು ಸುಮ್ಮನೆ ಅಲ್ಲ: ಎರಡು ತಪ್ಪು ಸೇರಿ ಸರಿ ಉತ್ತರ ಬಂದುಬಿಡಬಹುದು. 2022ರಲ್ಲಿ ಗೂಗಲ್‌ನವರು, ಹಂತ ಹಂತವಾಗಿ ಬಿಡಿಸಿದ ಉದಾಹರಣೆ ತೋರಿಸಿದರೆ ದೊಡ್ಡ ಮಾಡೆಲ್‌ಗಳು ಲೆಕ್ಕದಲ್ಲಿ ಬಹಳ ಸುಧಾರಿಸುತ್ತವೆ ಅಂತ ತೋರಿಸಿದರು. 2023ರಲ್ಲಿ ಓಪನ್‌ಎಐ ಪ್ರತಿ ಹಂತಕ್ಕೂ ಸರಿ-ತಪ್ಪು ಗುರುತು ಹಾಕಿಸಿ, ಉತ್ತರ ತಿದ್ದುವ ಮಾಡೆಲ್‌ಗೆ ಕಲಿಸಿತು. ಕಷ್ಟದ ಗಣಿತದಲ್ಲಿ, ಬರೀ ಉತ್ತರ ನೋಡಿ ಕಲಿಸಿದ್ದಕ್ಕಿಂತ ಅದೇ ಮೇಲಾಯಿತು. 2025ರ ಡೀಪ್‌ಸೀಕ್ ಆರ್1 ಎಂಬ ಚೀನೀ ಮಾಡೆಲ್ ಬೇರೆ ದಾರಿ ಹಿಡಿಯಿತು: ಮುಖ್ಯವಾಗಿ ಕೊನೆಯ ಉತ್ತರ ತಾಳೆ ನೋಡಿ ಬಹುಮಾನ ಕೊಡುವ ತರಬೇತಿ. ಅದೂ ಚೆನ್ನಾಗಿಯೇ ಫಲ ಕೊಟ್ಟಿದೆ.

ಆದರೆ ಮಾಡೆಲ್ ಬರೆದ ಹಂತಗಳೇ ಅದು ಯೋಚಿಸಿದ ದಾರಿ ಅಂತ ನಂಬಿಬಿಡಬೇಡಿ. 2023ರ ಒಂದು ಅಧ್ಯಯನದಲ್ಲಿ, ತೋರಿಸಿದ ಉದಾಹರಣೆಗಳಿಗೆಲ್ಲ ‘ಎ’ ಆಯ್ಕೆಯೇ ಉತ್ತರ ಆಗುವಂತೆ ಜೋಡಿಸಿಟ್ಟಿದ್ದರು. ಮಾಡೆಲ್‌ಗಳು ‘ಎ’ ಕಡೆಗೇ ವಾಲಿದವು; ವಿವರಣೆಯಲ್ಲಿ ಮಾತ್ರ ಅದರ ಸುಳಿವೇ ಇಲ್ಲದ ಬೇರೆ ಕಾರಣ ಬರೆದವು.

ಒಂದೇ ಲೆಕ್ಕವನ್ನು ಹಲವು ಸಲ ಕೇಳಿ, ಉತ್ತರ ಎಷ್ಟು ಬಾರಿ ಬದಲಾಗುತ್ತದೆ ಬರೆದಿಡಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೇಳಿ. ಇಂಗ್ಲಿಷಿನಲ್ಲಿ ಸರಿ, ಕನ್ನಡದಲ್ಲಿ ತಪ್ಪು ಬಂದರೆ ಅದು ಬರೆದ ಮೊದಲ ಹಂತವನ್ನು ಓದಿ ನೋಡಿ. ‘ಎರಡರಷ್ಟು’ ಎಂಬುದನ್ನೇ ತಪ್ಪಾಗಿ ಓದಿದ್ದರೆ ಅದು ಭಾಷೆಯ ಸೋಲು, ತರ್ಕದ್ದಲ್ಲ. ವರದಿಯಲ್ಲಿ ಅದಕ್ಕೆ ಬೇರೆ ಕಾಲಂ ಹಾಕಿ.